ನಲವತ್ತಾರನೇ ಹಲ್ಲು

"ಬಾಯಲ್ಲಿರೋದೇ ಮೂವತ್ತೆರಡು ಹಲ್ಲು. ಇಲ್ಲಿ ನೋಡಿದ್ರೆ ನಲವತ್ತಾರನೇ ಹಲ್ಲಿಗೆ ರೂಟ್ ಕೆನಾಲ್ ಅಂತ ಬರ್ದಿದಾರೆ. ಇದೆಂಥ ಲೆಕ್ಕ ಡಾಕ್ಟ್ರಮ್ಮ?"

ದಾಸವಾಳದ ಬೇಲಿಯ ಮೇಲಿಂದ ಪಕ್ಕದ ಮನೆಯ ಅಕ್ಕ ಚೀಟಿ ಚಾಚಿದರು. ಶಿವಮೊಗ್ಗದಲ್ಲಿ ಹಲ್ಲು ತೋರಿಸಿಕೊಂಡು ಬಂದಿದ್ದರು. ಬೇರೆ ಯಾರದೋ ಚೀಟಿ ತನ್ನ ಕೈಗೆ ಬಂದುಬಿಟ್ಟಿದೆ, ಇನ್ಯಾರದೋ ಹಲ್ಲಿಗೆ ಆಗಬೇಕಾದ್ದು ತನ್ನ ಹಲ್ಲಿಗೆ ಆಗಿಬಿಡುತ್ತದೆ ಅನ್ನುವ ಭಯ ಅವರದು. ಭಯ ಪಡುವುದರಲ್ಲಿ ತಪ್ಪಿಲ್ಲ. ಹಲ್ಲಿನ ಆಸ್ಪತ್ರೆಗೆ ಹೋದವರಿಗೆ ಚೀಟಿ ಕೊಡುತ್ತೇವೆ, ಗುಳಿಗೆ ಕೊಡುತ್ತೇವೆ. ಆ ಚೀಟಿಯನ್ನು ಓದುವುದು ಹೇಗೆ ಅಂತ ಹೇಳಿ ಕಳಿಸುವವರು ಕಡಿಮೆ. ಎರಡು ನಿಮಿಷದ ಮಾತು ಅದು. ಕೆಲಸದಿಂದ ನಿವೃತ್ತಿಯಾದ ಮೇಲೆ ಈ ಬೇಲಿಯೇ ನನಗೆ ಒಪಿಡಿ ಆಗಿರುವುದರಿಂದ, ಆ ಎರಡು ನಿಮಿಷವನ್ನು ನಾನು ಧಾರಾಳವಾಗಿ ಕೊಡಬಲ್ಲೆ.

"ಚೀಟಿ ನಿಮ್ದೇ ಅಕ್ಕ. ಅದನ್ನ ನಲವತ್ತಾರು ಅಂತ ಓದಬೇಡಿ. ನಾಲ್ಕು, ಆರು ಅಂತ ಬಿಡಿಸಿ ಓದಿ" ಅಂದೆ.

ಮೂಗಿನ ನೇರಕ್ಕೆ ನಡುವೆ ಒಂದು ಗೆರೆ ಎಳೆದರೆ ಬಾಯಿ ಎಡ, ಬಲ ಅಂತ ಎರಡಾಗುತ್ತದೆ. ಮೇಲ್ದವಡೆ, ಕೆಳದವಡೆ ಸೇರಿಸಿದರೆ ನಾಲ್ಕು ಭಾಗ. ಬಲಗಡೆಯ ಮೇಲಿನದು ಒಂದು, ಎಡಗಡೆಯ ಮೇಲಿನದು ಎರಡು, ಅಲ್ಲಿಂದ ಕೆಳಗಿಳಿದರೆ ಎಡಗಡೆಯ ಕೆಳಗಿನದು ಮೂರು, ಬಲಗಡೆಯ ಕೆಳಗಿನದು ನಾಲ್ಕು. ಎಡ ಬಲ ಎಲ್ಲ ರೋಗಿಯದು, ಎದುರಿಗೆ ನಿಂತ ಡಾಕ್ಟರದ್ದಲ್ಲ. ಆಮೇಲೆ ಒಂದೊಂದು ಭಾಗದಲ್ಲೂ ನಟ್ಟನಡುವಿನಿಂದ ಕಿವಿಯ ಕಡೆಗೆ ಎಣಿಸುತ್ತಾ ಹೋಗುವುದು. ಒಂದು, ಎರಡು ಬಾಚಿಹಲ್ಲು. ಮೂರು ಕೋರೆಹಲ್ಲು. ನಾಲ್ಕು, ಐದು ಚಿಕ್ಕ ದವಡೆಹಲ್ಲು. ಆರು, ಏಳು, ಎಂಟು ದೊಡ್ಡ ದವಡೆಹಲ್ಲು, ಎಂಟನೆಯದೇ ಬುದ್ಧಿಹಲ್ಲು. ಅಂದರೆ 46 ಎಂದರೆ ಬಲಗಡೆ ಕೆಳದವಡೆಯ ಆರನೇ ಹಲ್ಲು.

ಅಕ್ಕ ಬಾಯಿ ಮುಚ್ಚಿಕೊಂಡೇ ನಾಲಿಗೆಯ ತುದಿಯಲ್ಲಿ ಎಣಿಸತೊಡಗಿದರು. ಕೆನ್ನೆ ಒಳಗಿನಿಂದ ಉಬ್ಬುತ್ತಾ ಹಿಂದಕ್ಕೆ ಹೋಯಿತು. "ನಂಗೆ ಐದೇ ಬರ್ತದೆ, ಆರು ಬರೋದಿಲ್ಲ" ಅಂದರು. ಐದನೇ ಹಲ್ಲನ್ನು ಎಂದೋ ಕೀಳಿಸಿದ್ದಾರೆ. ಹಲ್ಲು ಹೋದರೂ ಅದರ ನಂಬರು ಹೋಗುವುದಿಲ್ಲ, ಖಾಲಿ ಜಾಗವನ್ನೂ ಎಣಿಸಬೇಕು. ಈ ಶಿಸ್ತು ಇರುವುದರಿಂದಲೇ ಸಾಗರದಲ್ಲಿ ಕೂತವರು ಮಂಗಳೂರಿನ ಡಾಕ್ಟರಿಗೆ ಫೋನಿನಲ್ಲಿ "46" ಅಂದರೆ ಸಾಕು, ಇಬ್ಬರ ಕಣ್ಣ ಮುಂದೆಯೂ ಅದೇ ಹಲ್ಲು ನಿಲ್ಲುತ್ತದೆ. ಪ್ರಪಂಚದ ಬಹುಪಾಲು ಕಡೆ ಇದೇ ಲೆಕ್ಕ. ಅಮೆರಿಕದಲ್ಲಿ ಮಾತ್ರ ಒಂದರಿಂದ ಮೂವತ್ತೆರಡರವರೆಗೆ ಸಾಲಾಗಿ ಎಣಿಸುತ್ತಾರೆ. ಅಲ್ಲಿರುವ ಅಕ್ಕನ ತಮ್ಮನ ಮಗ ಇದೇ ಹಲ್ಲನ್ನು ತೋರಿಸಿದರೆ ಚೀಟಿಯಲ್ಲಿ 30 ಅಂತ ಬರುತ್ತದೆ. ನಮ್ಮಲ್ಲಿ ಹಾಲುಹಲ್ಲಿಗೆ ಐದರಿಂದ ಎಂಟರವರೆಗಿನ ಭಾಗದ ನಂಬರು. ಮಗುವಿನ ಚೀಟಿಯಲ್ಲಿ 75 ಅಂತ ಇದ್ದರೆ ಎಡಗಡೆ ಕೆಳಗಿನ ಕೊನೆಯ ಹಾಲುಹಲ್ಲು.

ಈಗ ಈ 46ರ ಕತೆ ಹೇಳಲೇಬೇಕು. ನನ್ನ ವೃತ್ತಿಯುದ್ದಕ್ಕೂ ನನ್ನನ್ನು ಹೆಚ್ಚು ಸಂಕಟಪಡಿಸಿದ ಹಲ್ಲು ಇದು. ಹಾಲುಹಲ್ಲು ಒಟ್ಟು 20: ಎಂಟು ಬಾಚಿ, ನಾಲ್ಕು ಕೋರೆ, ಎಂಟು ದವಡೆ. ಆರು ತಿಂಗಳ ಹೊತ್ತಿಗೆ ಕೆಳಗಿನ ಮುಂದಿನ ಹಲ್ಲು ಬರುತ್ತದೆ, ಎರಡೂವರೆ ಮೂರು ವರ್ಷಕ್ಕೆ ಇಪ್ಪತ್ತೂ ಪೂರ್ತಿ. ಆರನೇ ವರ್ಷದ ಸುಮಾರಿಗೆ ಮುಂದಿನ ಹಲ್ಲು ಅಲುಗಾಡುತ್ತದೆ, ಬೀಳುತ್ತದೆ, ಮನೆಯಲ್ಲಿ ಸಂಭ್ರಮ. ಎಲ್ಲರ ಕಣ್ಣೂ ಮುಂದಿನ ಕಿಂಡಿಯ ಮೇಲೆ. ಅದೇ ಹೊತ್ತಿಗೆ ಹಿಂದುಗಡೆ, ಕೊನೆಯ ಹಾಲುಹಲ್ಲಿನ ಹಿಂಭಾಗದಲ್ಲಿ, ಯಾವ ಹಲ್ಲೂ ಬೀಳದೆ, ಹೇಳದೆ ಕೇಳದೆ ಒಂದು ಹಲ್ಲು ಮೇಲೆ ಬರುತ್ತದೆ. ಮೇಲೆ ಎರಡು, ಕೆಳಗೆ ಎರಡು. ಅದು ಬಂದದ್ದು ಮಗುವಿಗೂ ತಿಳಿಯುವುದಿಲ್ಲ, ತಾಯಿಗೂ ತಿಳಿಯುವುದಿಲ್ಲ. ತಿಳಿದರೂ ಹಾಲುಹಲ್ಲಿನ ಸಾಲಿನಲ್ಲೇ ಕೂತಿರುವುದರಿಂದ ಅದನ್ನೂ ಹಾಲುಹಲ್ಲು ಅಂದುಕೊಳ್ಳುತ್ತಾರೆ. ಹುಳುಕು ಬಿದ್ದರೆ "ಬೀಳೋ ಹಲ್ಲು, ಬಿಡಿ" ಅನ್ನುತ್ತಾರೆ. ಅದು ಬೀಳುವ ಹಲ್ಲಲ್ಲ. ಹುಟ್ಟುವ ಹೊತ್ತಿಗೇ ದವಡೆಯೊಳಗೆ ಗಟ್ಟಿಯಾಗಲು ಶುರುವಾಗಿ, ಎಂಬತ್ತು ವರ್ಷ ಅಗಿಯುವುದಕ್ಕೆ ಅಂತ ಬಂದ ಹಲ್ಲು. ಹೈಸ್ಕೂಲು ಮುಟ್ಟುವ ಮೊದಲೇ ಅದನ್ನು ಕೀಳಿಸಿಕೊಂಡ ಮಕ್ಕಳನ್ನು ನೋಡುವಾಗ ಹೊಟ್ಟೆ ಉರಿಯುತ್ತಿತ್ತು.

"ನಮ್ಮ ಪುಟ್ಟಂಗೆ ಈಗ ಆರು ತುಂಬ್ತು" ಅಂದರು ಅಕ್ಕ. ಅಂಗಳದಲ್ಲಿದ್ದ ಅವನನ್ನು ಕರೆದು, ಬೇಲಿಯ ಕಿಂಡಿಯ ಹತ್ತಿರ ನಿಲ್ಲಿಸಿ, ಮೊಬೈಲಿನ ಟಾರ್ಚು ಹಾಕಿದೆ. ಕೆಳಗೆ ಬಲಗಡೆ, ಕೊನೆಯ ಹಾಲುಹಲ್ಲಿನ ಹಿಂದೆ ವಸಡು ಬಿರಿದಿತ್ತು. ಮುಂದಿನ ಎರಡು ಮೊನೆ ಮಾತ್ರ ಹೊರಗೆ. ಹಿಂದಿನ ಅರ್ಧಕ್ಕೆ ವಸಡಿನ ಒಂದು ಮುಚ್ಚಳ ಇನ್ನೂ ಹೊದ್ದುಕೊಂಡಿತ್ತು. ಆ ಮುಚ್ಚಳದ ಅಂಚಿನಲ್ಲಿ ಬೆಳಗ್ಗೆ ತಿಂದ ಅವಲಕ್ಕಿ ಹಾಗೇ ಇತ್ತು. ಪಕ್ಕದ ಹಾಲುಹಲ್ಲು ಬೆಳ್ಳಗೆ ಸಪಾಟಾಗಿದ್ದರೆ, ಹೊಸದು ತುಸು ಹಳದಿ ಛಾಯೆಯದು, ಮೊನೆಗಳು ಚೂಪು, ನಡುವೆ ಆಳವಾದ ಗೀರುಗಳು. ಅಕ್ಕ ಬಗ್ಗಿ ನೋಡಿ, "ಅಯ್ಯೋ, ಇದು ಯಾವಾಗ ಬಂತು!" ಅಂದರು.

ಈ ಹಲ್ಲು ಪೂರ್ತಿ ಮೇಲೆ ಬರಲು ತಿಂಗಳುಗಟ್ಟಲೆ ಹಿಡಿಯುತ್ತದೆ. ಅಷ್ಟು ದಿನವೂ ಅದು ಪಕ್ಕದ ಹಲ್ಲಿಗಿಂತ ತಗ್ಗಿನಲ್ಲಿರುತ್ತದೆ. ಬ್ರಶ್ಶನ್ನು ಸಾಲಿನುದ್ದಕ್ಕೆ ಎಳೆದರೆ ಅದರ ಮೇಲಿಂದ ಹಾರಿಹೋಗುತ್ತದೆ, ತಾಗುವುದೇ ಇಲ್ಲ. ಆದ್ದರಿಂದ ಆ ಒಂದು ಹಲ್ಲಿಗೆ ಬ್ರಶ್ಶನ್ನು ಕೆನ್ನೆಯ ಕಡೆಯಿಂದ ಅಡ್ಡಲಾಗಿ ಇಟ್ಟು ಉಜ್ಜಬೇಕು. ಅದನ್ನು ಮಗು ಮಾಡಲಾರದು, ದೊಡ್ಡವರೇ ಮಾಡಬೇಕು. ಗೀರುಗಳು ಬ್ರಶ್ಶಿನ ಕೂದಲಿಗಿಂತ ಕಿರಿದಾಗಿರುವುದರಿಂದ ಎಷ್ಟು ಉಜ್ಜಿದರೂ ಒಳಗಿನದು ಹೋಗದು. ಅದಕ್ಕೇ ಹಲ್ಲು ಪೂರ್ತಿ ಬಂದ ಮೇಲೆ ಆ ಗೀರುಗಳಿಗೆ ತೆಳ್ಳಗಿನ ಸೀಲಂಟ್ ಹಾಕಿ ಮುಚ್ಚುತ್ತೇವೆ. ಕೊರೆಯುವುದಿಲ್ಲ, ಸೂಜಿ ಇಲ್ಲ, ನೋವಿಲ್ಲ. ಸರ್ಕಾರಿ ದಂತ ಕಾಲೇಜುಗಳಲ್ಲೂ ಮಾಡುತ್ತಾರೆ. ಅಕ್ಕನಿಗೆ ಅಷ್ಟು ಹೊತ್ತು ತನ್ನ ಹಲ್ಲಿನ ನೆನಪೇ ಇರಲಿಲ್ಲ. ಆರು ವರ್ಷದವಳಿದ್ದಾಗ ತನ್ನ ಬಾಯಲ್ಲೂ ಹೀಗೇ ಬಂದ ಹಲ್ಲು ಈ 46 ಅಂತ ನಾನೇ ಹೇಳಬೇಕಾಯಿತು.

ಹಾಗಂತ ಹಾಲುಹಲ್ಲನ್ನು ತಾತ್ಸಾರ ಮಾಡುವಂತಿಲ್ಲ. ಹಿಂದಿನ ಹಾಲುಹಲ್ಲು ಹತ್ತು, ಹನ್ನೆರಡು ವರ್ಷದವರೆಗೆ ಇರಬೇಕಾದ್ದು. ಅಗಿಯುವುದರ ಜೊತೆಗೆ ಕೆಳಗೆ ಬೆಳೆಯುತ್ತಿರುವ ಚಿಕ್ಕ ದವಡೆಹಲ್ಲಿಗೆ ಜಾಗ ಹಿಡಿದಿಡುವ ಕೆಲಸವೂ ಅದರದೇ. ಐದು ವರ್ಷಕ್ಕೇ ಅದನ್ನು ಕೀಳಿಸಿದರೆ ಹಿಂದಿನ ಆರನೇ ಹಲ್ಲು ಮುಂದಕ್ಕೆ ವಾಲಿಕೊಳ್ಳುತ್ತದೆ, ಬರಬೇಕಾದ್ದಕ್ಕೆ ಎಡೆ ಇಲ್ಲದೆ ಸೊಟ್ಟಪಟ್ಟ ಬರುತ್ತದೆ. ಆಮೇಲೆ ತಂತಿ ಕಟ್ಟಿಸುವ ಖರ್ಚು.

"ಅದೆಲ್ಲ ಸರಿ, ನಂಗೆ ಯಾಕೆ ಅಷ್ಟು ನೋವು ಬಂದಿದ್ದು? ರಾತ್ರಿ ಮಲಗಿದ್ರೆ ಶುರು. ಕಿವಿಗೆ ಹೊಡೀತಿತ್ತು. ಯಾವ ಹಲ್ಲು ಅಂತ ಕೇಳಿದ್ರೆ ತೋರ್ಸೋಕೇ ಆಗ್ಲಿಲ್ಲ" ಅಂದರು ಅಕ್ಕ.

ಇದಕ್ಕೆ ಹಲ್ಲಿನ ಒಳಗೆ ಹೋಗಬೇಕು. ಹೊರಗೆ ಕಾಣುವ ಬಿಳಿ ಪದರ ಎನಾಮಲ್. ಮೈಯಲ್ಲಿ ಅದಕ್ಕಿಂತ ಗಟ್ಟಿ ವಸ್ತು ಇನ್ನೊಂದಿಲ್ಲ; ನೂರಕ್ಕೆ 96 ಪಾಲು ಖನಿಜ. ಅದರಲ್ಲಿ ನರವಿಲ್ಲ, ರಕ್ತವಿಲ್ಲ. ಅದನ್ನು ಕಟ್ಟಿದ ಜೀವಕೋಶಗಳು ಹಲ್ಲು ಹೊರಬರುವ ಹೊತ್ತಿಗೇ ಮುಗಿದುಹೋಗಿರುತ್ತವೆ. ಆದ್ದರಿಂದ ಎನಾಮಲ್ ಹುಳುಕಾದರೆ ನೋವೂ ಆಗುವುದಿಲ್ಲ, ಗುಳಿ ಬಿದ್ದ ಮೇಲೆ ತಾನಾಗಿ ತುಂಬಿಕೊಳ್ಳುವುದೂ ಇಲ್ಲ. ಅದರ ಒಳಗೆ ಡೆಂಟಿನ್, ತುಸು ಹಳದಿ, ಕಣ್ಣಿಗೆ ಕಾಣದ ಸಾವಿರಾರು ಕೊಳವೆಗಳಿರುವ ಪದರ. ಹುಳುಕು ಅಲ್ಲಿಗೆ ಮುಟ್ಟಿದಾಗ ತಣ್ಣೀರು, ಸಿಹಿ ತಾಗಿದರೆ ಜುಮ್ಮೆನ್ನುತ್ತದೆ. ಇನ್ನೂ ಒಳಗೆ, ನಟ್ಟನಡುವಿನ ಪೊಳ್ಳಿನಲ್ಲಿ ಪಲ್ಪ್: ಮೆತ್ತಗಿನ ಮಾಂಸ, ರಕ್ತನಾಳ, ನರ. ಬೇರಿನ ತುದಿಯ ಸಣ್ಣ ರಂಧ್ರದಿಂದ ಅದಕ್ಕೆ ರಕ್ತ ಬರುತ್ತದೆ.

ಪಲ್ಪಿಗೆ ಸೋಂಕು ತಾಗಿದರೆ ಊತ ಬರುತ್ತದೆ. ಬೇರೆಲ್ಲಾದರೂ ಆದರೆ ಚರ್ಮ ಉಬ್ಬುತ್ತದೆ. ಇಲ್ಲಿ ಸುತ್ತಲೂ ಗಟ್ಟಿ ಗೋಡೆ, ಉಬ್ಬಲು ಜಾಗವಿಲ್ಲ. ಮಲಗಿದಾಗ ತಲೆಯ ಕಡೆಗೆ ರಕ್ತದ ಒತ್ತಡ ಹೆಚ್ಚುವುದರಿಂದ ರಾತ್ರಿಯೇ ಜೋರು. ಪಲ್ಪಿನ ನರಕ್ಕೆ ನೋವು ಗೊತ್ತು, ಜಾಗ ಗೊತ್ತಿಲ್ಲ. ಮೇಲ್ದವಡೆ, ಕೆಳದವಡೆ, ಕಿವಿಯ ಸುತ್ತು ಎಲ್ಲ ಒಂದೇ ದೊಡ್ಡ ನರದ ಕವಲುಗಳಾದ್ದರಿಂದ ಮಿದುಳಿಗೆ ಗೊಂದಲವಾಗುತ್ತದೆ. ಎಡ ಬಲ ಮಾತ್ರ ತಪ್ಪುವುದು ಬಲು ಅಪರೂಪ. ಸೋಂಕು ಬೇರಿನ ತುದಿ ದಾಟಿ ಹೊರಗೆ ಬಂದಮೇಲೆ ಬೆರಳಿಟ್ಟು ಇದೇ ಹಲ್ಲು ಅಂತ ತೋರಿಸಬಹುದು, ಯಾಕೆಂದರೆ ಅಲ್ಲಿನ ನರಕ್ಕೆ ಜಾಗ ಗೊತ್ತು. ಈ ನಡುವೆ ಒಂದು ದಿನ ನೋವು ಪೂರಾ ನಿಂತುಬಿಡುತ್ತದೆ. ಲವಂಗ ಇಟ್ಟಿದ್ದಕ್ಕೆ, ಉಪ್ಪುನೀರು ಮುಕ್ಕಳಿಸಿದ್ದಕ್ಕೆ ವಾಸಿಯಾಯಿತು ಅಂತ ಜನ ನೆಮ್ಮದಿಯಾಗುತ್ತಾರೆ. ವಾಸಿಯಾಗಿಲ್ಲ, ಪಲ್ಪ್ ಸತ್ತಿದೆ. ಸೋಂಕು ಮೂಳೆಯ ಕಡೆಗೆ ಇಳಿಯುತ್ತಿದೆ.

ರೂಟ್ ಕೆನಾಲ್ ಅಂದರೆ ಈ ಸತ್ತ, ಸೋಂಕಾದ ಪಲ್ಪನ್ನು ತೆಗೆದು, ಬೇರಿನೊಳಗಿನ ನಾಳವನ್ನು ತೊಳೆದು, ಗಟ್ಟಾಪರ್ಚಾ ಅನ್ನುವ ಮರದ ಹಾಲಿನಿಂದ ಮಾಡಿದ ವಸ್ತು ತುಂಬಿ ಮುಚ್ಚುವುದು. 46ಕ್ಕೆ ಸಾಮಾನ್ಯವಾಗಿ ಎರಡು ಬೇರು, ಮೂರು ನಾಳ, ಕೆಲವರಿಗೆ ನಾಲ್ಕು. ಒಂದು ನಾಳ ಕಣ್ತಪ್ಪಿದರೂ ಸೋಂಕು ಉಳಿಯುತ್ತದೆ, ಅದಕ್ಕೇ ಎಕ್ಸ್‌ರೇ ಮೇಲೆ ಎಕ್ಸ್‌ರೇ. ಅಕ್ಕ, ಅದು ದುಡ್ಡು ಕೀಳೋಕೆ ಅಲ್ಲ. ಒಳಗೆ ಟೊಳ್ಳಾದ ದವಡೆಹಲ್ಲು ಸೀಳದಿರಲಿ ಅಂತ ಮೇಲೆ ಕ್ಯಾಪು. ಅರ್ಧಕ್ಕೆ ಬಿಟ್ಟು, ನೋವು ಹೋಯಿತಲ್ಲ ಅಂತ ಕ್ಯಾಪು ಹಾಕಿಸದೆ ಒಂದು ವರ್ಷಕ್ಕೆ ಹಲ್ಲು ಹೋಳಾಗಿ ಬಂದವರು ಎಷ್ಟೋ ಮಂದಿ.

"ಹುಳ ಅಂತಾರಲ್ಲ, ಒಳಗೆ ಹುಳ ಇರೋದಿಲ್ವಾ?" ಅಂತ ಕೇಳಿದರು. ನೆಲಗುಳ್ಳದ ಬೀಜ ಸುಟ್ಟು ಹೊಗೆ ಕುಡಿಸಿ ಹುಳ ಉದುರಿಸುವವರನ್ನು ಚಿಕ್ಕಂದಿನಲ್ಲಿ ಸಂತೆಯಲ್ಲಿ ನೋಡಿದ್ದಾರಂತೆ. ಹುಳ ಇಲ್ಲ. ಕಣ್ಣಿಗೆ ಕಾಣದ ಬ್ಯಾಕ್ಟೀರಿಯಾ ಸಕ್ಕರೆ ತಿಂದು ಆಮ್ಲ ಬಿಡುತ್ತವೆ, ಆಮ್ಲ ಖನಿಜವನ್ನು ಕರಗಿಸುತ್ತದೆ. ಎಷ್ಟು ಸಿಹಿ ತಿಂದಿರಿ ಅನ್ನುವುದಕ್ಕಿಂತ ಎಷ್ಟು ಸಲ ತಿಂದಿರಿ ಅನ್ನುವುದೇ ಹೆಚ್ಚು. ಊಟದ ಜೊತೆ ಒಂದು ಹೋಳಿಗೆ ತಿಂದರೆ ಆಮ್ಲದ ದಾಳಿ ಒಂದೇ ಸಲ. ದಿನವಿಡೀ ಗುಟುಕು ಗುಟುಕು ಸಕ್ಕರೆ ಕಾಫಿ ಕುಡಿಯುತ್ತಿದ್ದರೆ ಹಲ್ಲಿಗೆ ಬಿಡುವೇ ಇಲ್ಲ.

ಮೇಲಿನ ಹಲ್ಲು ಕೀಳಿಸಿದರೆ ಕಣ್ಣು ಹೋಗುತ್ತದೆ ಅನ್ನುವುದೂ ಅಷ್ಟೆ. ನೋಡುವ ನರ ಬೇರೆ, ಹಲ್ಲಿನ ನರ ಬೇರೆ. ಒಂದಕ್ಕೊಂದು ಕೊಂಡಿ ಇಲ್ಲ. ಮೇಲ್ದವಡೆಯ ಹಿಂದಿನ ಹಲ್ಲುಗಳ ಬೇರಿಗೆ ಹತ್ತಿರ ಇರುವುದು ಕೆನ್ನೆಯ ಮೂಳೆಯೊಳಗಿನ ಸೈನಸ್. ನೆಗಡಿ ಕಟ್ಟಿದಾಗ ಮೇಲಿನ ದವಡೆಹಲ್ಲು ಒಂದೆರಡಲ್ಲ, ಸಾಲಾಗಿ ನೋಯುವುದು ಅದರಿಂದ. ಹಲ್ಲು ಕ್ಲೀನ್ ಮಾಡಿಸಿದರೆ ಅಲುಗಾಡುತ್ತದೆ ಅನ್ನುವ ಮಾತು ಮಾತ್ರ ಇವೆಲ್ಲಕ್ಕಿಂತ ಹೆಚ್ಚು ಹಾನಿ ಮಾಡಿದೆ. ಅದನ್ನು ಸ್ವಲ್ಪ ಬಿಡಿಸಿಯೇ ಹೇಳಬೇಕು.

ಹಲ್ಲು ದವಡೆಯಲ್ಲಿ ನಿಂತಿರುವುದು ಗೋಡೆಗೆ ಹೊಡೆದ ಮೊಳೆಯ ಹಾಗಲ್ಲ. ಬೇರಿಗೂ ಮೂಳೆಗೂ ನಡುವೆ ಕೂದಲಿನಷ್ಟು ಸಂದಿ ಇದೆ. ಆ ಸಂದಿಯ ತುಂಬ ಸಣ್ಣ ಸಣ್ಣ ನಾರು. ಒಂದು ತುದಿ ಬೇರಿನ ಮೇಲಿನ ಸಿಮೆಂಟಮ್ ಪದರದಲ್ಲಿ, ಇನ್ನೊಂದು ತುದಿ ಮೂಳೆಯಲ್ಲಿ. ಹಲ್ಲು ಆ ನಾರುಗಳಲ್ಲಿ ತೂಗಿಕೊಂಡಿದೆ. ಅನ್ನದಲ್ಲಿ ಒಂದು ಹರಳು ಸಿಕ್ಕರೆ ಥಟ್ಟನೆ ಗೊತ್ತಾಗುವುದು ಆ ನಾರಿನ ನಡುವಿನ ನರದಿಂದ. ಇದರ ಮೇಲ್ಗಡೆ ಕೊರಳುಪಟ್ಟಿ ಕಟ್ಟಿರುವುದು ವಸಡು. ವಸಡು ಮತ್ತು ಹಲ್ಲಿನ ನಡುವೆ ಒಂದರಿಂದ ಮೂರು ಮಿಲಿಮೀಟರಿನ ಸಣ್ಣ ಎಡೆ ಎಲ್ಲರಿಗೂ ಇದೆ. ಅಲ್ಲಿ ಪಾಚಿ ಕೂತು, ಜೊಲ್ಲಿನ ಸುಣ್ಣ ಸೇರಿ ಗಟ್ಟಿಯಾಗಿ ಕರೆಯಾಗುತ್ತದೆ. ವಸಡು ಕೆಂಪಾಗಿ, ಉಜ್ಜಿದರೆ ರಕ್ತ ಬರುತ್ತದೆ. ರಕ್ತ ಬರುವ ಕಡೆ ಜನ ಉಜ್ಜುವುದನ್ನೇ ಬಿಡುತ್ತಾರೆ, ಪಾಚಿ ಇನ್ನಷ್ಟು ಕೂರುತ್ತದೆ. ಎಡೆ ಆಳವಾಗುತ್ತದೆ, ನಾರು ಕಡಿಯುತ್ತದೆ, ಮೂಳೆ ಕರಗುತ್ತದೆ. ಸಕ್ಕರೆ ಕಾಯಿಲೆ ಇದ್ದರೆ ಇದೆಲ್ಲ ಬೇಗ. ವಸಡು ಕೆಟ್ಟರೆ ಸಕ್ಕರೆಯೂ ಹತೋಟಿಗೆ ಬರುವುದು ಕಷ್ಟ. ಇಷ್ಟಾದರೂ ಹಲ್ಲು ಅಲುಗಾಡುವುದು ಗೊತ್ತಾಗದೆ ಇರುವುದು ಆ ಕರೆ ಸುತ್ತಲೂ ಕಚ್ಚಿ ಹಿಡಿದಿರುವುದರಿಂದ. ಕರೆ ತೆಗೆದಾಗ ಹಲ್ಲಿನ ನಿಜವಾದ ಸ್ಥಿತಿ ಗೊತ್ತಾಗುತ್ತದೆ. ಸಡಿಲ ಮಾಡಿದ್ದು ಕರೆ. ಬೈಗುಳ ತಿನ್ನುವುದು ಅದನ್ನು ತೆಗೆದವರು. ಉಮಿಕರಿಯಲ್ಲಿ ತಿಕ್ಕಿದರೆ ಈ ಕರೆ ಹೋಗುವುದಿಲ್ಲ, ಹಲ್ಲಿನ ಬುಡ ಸವೆಯುತ್ತದೆ ಅಷ್ಟೆ.

ಇಷ್ಟು ಹೊತ್ತಿಗೆ ಅಕ್ಕನ ಮನೆಯ ಮೇಷ್ಟ್ರು ಜಗಲಿಯಿಂದ ಎದ್ದು ಬಂದರು. ಕನ್ನಡ ಕಲಿಸಿ ನಿವೃತ್ತರಾದವರು. ಕಳೆದ ದೀಪಾವಳಿಯ ಹೊತ್ತಿಗೆ ಪೂರಾ ಸೆಟ್ಟು ಹಾಕಿಸಿಕೊಂಡಿದ್ದಾರೆ. "ಮೇಲಿನದು ಕೂತ್ಕೊಳ್ತದೆ, ಕೆಳಗಿನದು ಕೂರೋದಿಲ್ಲ. ಅದಕ್ಕಿಂತ ಹೆಚ್ಚಾಗಿ, ಪಾಠ ಓದೋಕೆ ಹೋದ್ರೆ ಸಕಾರ ಸೀಟಿ ಹೊಡೀತದೆ, ಳಕಾರ ತೊಡರ್ತದೆ" ಅಂದರು. ಅವರ ದನಿಯಲ್ಲಿ ನಿಜವಾದ ನೋವಿತ್ತು. ಜೀವಮಾನವಿಡೀ ಮಾತನ್ನೇ ಆಡಿದವರು.

ಮೇಲಿನ ಸೆಟ್ಟು ಅಂಗುಳಕ್ಕೆ ಅಂಟಿಕೊಂಡು ಗಾಳಿಯ ಒತ್ತಡದಲ್ಲಿ ನಿಲ್ಲುತ್ತದೆ. ಕೆಳಗೆ ಅಂಥ ಅಗಲವಾದ ಜಾಗವಿಲ್ಲ, ನಡುವೆ ನಾಲಿಗೆ ಓಡಾಡುತ್ತಿರುತ್ತದೆ. ಹಲ್ಲು ಹೋದಮೇಲೆ ಕೆಳದವಡೆಯ ಏಣು ಸವೆಯುವುದೂ ಬೇಗ. ಮಾತಿನ ವಿಷಯಕ್ಕೆ ಅವರ ಪಾಠವನ್ನೇ ಅವರಿಗೆ ನೆನಪಿಸಿದೆ. ನಮ್ಮ ವರ್ಗೀಯ ವ್ಯಂಜನಗಳನ್ನು ಜೋಡಿಸಿರುವುದೇ ಬಾಯಿಯ ಹಿಂದಿನಿಂದ ಮುಂದಕ್ಕೆ: ಕಂಠ್ಯ, ತಾಲವ್ಯ, ಮೂರ್ಧನ್ಯ, ದಂತ್ಯ, ಓಷ್ಠ್ಯ. ಕ ಅನ್ನುವಾಗ ನಾಲಿಗೆಯ ಹಿಂಭಾಗ ಮೇಲೆದ್ದು ಮೆತ್ತಗಿನ ಅಂಗುಳವನ್ನು ಮುಟ್ಟುತ್ತದೆ. ಕಿರುನಾಲಿಗೆ ತೂಗುವುದು ಅದರ ಅಂಚಿನಲ್ಲೇ. ಚ ಅನ್ನುವಾಗ ಗಟ್ಟಿ ಅಂಗುಳ. ಟ, ಣ, ಳ ಅನ್ನುವಾಗ ನಾಲಿಗೆಯ ತುದಿ ಹಿಂದಕ್ಕೆ ಮಡಚಿ ಅಂಗುಳದ ಚಾವಣಿಗೆ ತಾಗುತ್ತದೆ. ತ, ದ ಅನ್ನುವಾಗ ಮೇಲಿನ ಬಾಚಿಹಲ್ಲಿನ ಬೆನ್ನಿಗೆ. ಪ, ಬ ತುಟಿಯಲ್ಲೇ ಮುಗಿಯುತ್ತವೆ. ಮೇಷ್ಟ್ರ ನಾಲಿಗೆಗೆ ಎಪ್ಪತ್ತು ವರ್ಷ ಅಂಗುಳ ಎಲ್ಲಿದೆ ಅಂತ ಗೊತ್ತಿತ್ತು; ಈಗ ಸೆಟ್ಟಿನ ತಟ್ಟೆ ಬಂದು ಚಾವಣಿ ಎರಡು ಮಿಲಿಮೀಟರು ಕೆಳಗಿಳಿದಿದೆ. ಮುಂದಿನ ಅಂಗುಳದಲ್ಲಿ ನಾಲಿಗೆಗೆ ಗುರುತಾಗಿದ್ದ ಏರುತಗ್ಗುಗಳೂ ಮುಚ್ಚಿಹೋಗಿವೆ. ಸಕಾರ ಬರುವುದು ಆ ಕಿರಿದಾದ ಸಂದಿಯಲ್ಲಿ ಗಾಳಿ ಜಾರುವುದರಿಂದ; ಸಂದಿಯ ಅಳತೆ ಬದಲಾದರೆ ಸೀಟಿ.

"ದಿನಾ ಗಟ್ಟಿಯಾಗಿ ಓದಿ ಮೇಷ್ಟ್ರೇ, ನಿಧಾನಕ್ಕೆ. ನಾಲಿಗೆ ಹೊಸ ಜಾಗ ಕಲೀತದೆ. ಕಲೀದಿದ್ರೆ ತಟ್ಟೆ ತೆಳ್ಳಗೆ ಮಾಡಿಸಬಹುದು. ರಾತ್ರಿ ತೆಗೆದು ನೀರಲ್ಲಿ ಹಾಕಿಡಿ, ಅಂಗುಳಕ್ಕೆ ಉಸಿರಾಡೋಕೆ ಬಿಡಿ" ಅಂದೆ. "ಹಾಗಾದ್ರೆ ಮೂರ್ಧನ್ಯದಿಂದಲೇ ಶುರು ಮಾಡ್ತೇನೆ" ಅಂದರು. ಅವರು ಮಾಡುತ್ತಾರೆ.

ಅಕ್ಕನಿಗೆ ನಾಲಿಗೆಯ ಕೆಳಗೆ ಎರಡು ಗುಳ್ಳೆ ಇರುವ ಚಿಂತೆ ಬಹಳ ದಿನದಿಂದ ಇತ್ತಂತೆ, ಹೇಳಿರಲಿಲ್ಲ. ನಾಲಿಗೆ ಎತ್ತಿಸಿ ನೋಡಿದೆ. ನಡುವಿನ ತೆಳು ಪೊರೆಯ ಬುಡದಲ್ಲಿ ಎರಡೂ ಪಕ್ಕ ಒಂದೊಂದು ಸಣ್ಣ ಗುಬುಟು. ಅದು ಎಲ್ಲರಿಗೂ ಇರುವುದೇ. ಜೊಲ್ಲಿನ ಗ್ರಂಥಿಯ ಬಾಯಿ. ಕೆನ್ನೆಯ ಒಳಗೆ, ಮೇಲಿನ ಏಳನೇ ಹಲ್ಲಿನ ಎದುರಿಗೂ ಅಂಥದೇ ಒಂದೊಂದಿದೆ. ಮಂಗನಬಾವು ಬಂದಾಗ ಊದಿಕೊಳ್ಳುವುದು ಅದರ ಗ್ರಂಥಿ. ಕೆಳಗಿನ ಮುಂದಿನ ಹಲ್ಲುಗಳ ಬೆನ್ನಿಗೆ ಕರೆ ಬೇಗ ಕಟ್ಟುವುದು ಯಾಕೆ ಅಂದರೆ, ಜೊಲ್ಲು ಅಲ್ಲೇ ಜಿನುಗುತ್ತದೆ. ಈ ಜೊಲ್ಲು ಇಲ್ಲದಿದ್ದರೆ ಹಲ್ಲು ಉಳಿಯುವುದಿಲ್ಲ. ಆಮ್ಲವನ್ನು ತಣಿಸುವುದು, ಕರಗಿದ ಖನಿಜವನ್ನು ಒಂದಿಷ್ಟು ವಾಪಸು ಕೊಡುವುದು ಅದೇ. ನಿದ್ದೆಯಲ್ಲಿ ಅದು ಬತ್ತುತ್ತದೆ. ರಾತ್ರಿ ಮಲಗುವ ಮುಂಚೆ ಉಜ್ಜಿ ಅಂತ ನಾವು ಬಡಿದುಕೊಳ್ಳುವುದು ಇದಕ್ಕೇ.

ಅಕ್ಕನ ಸೊಸೆ ಕಾಫಿ ತಂದಳು. ಪಾವಗಡದ ಕಡೆಯವಳು. ನಗುವಾಗ ಕೈ ಅಡ್ಡ ಹಿಡಿಯುತ್ತಾಳೆ. ಮುಂದಿನ ಹಲ್ಲುಗಳ ಮೇಲೆ ಕಂದು ಪಟ್ಟೆ. ಇವಳು ಹಲ್ಲುಜ್ಜುವುದಿಲ್ಲ ಅಂತ ನೆಂಟರಲ್ಲಿ ಮಾತು ಬಂದದ್ದು ನನಗೆ ಗೊತ್ತು. ಅವಳ ಎದುರಿಗೇ ಅಕ್ಕನಿಗೆ ಹೇಳಿದೆ: ಅದು ಕೊಳೆಯಲ್ಲ. ಅವರ ಸೀಮೆಯಲ್ಲಿ ಆಳದ ಬೋರಿನ ನೀರಿನಲ್ಲಿ ಫ್ಲೋರೈಡ್ ಹೆಚ್ಚು. ಲೀಟರಿಗೆ 1.5 ಮಿಲಿಗ್ರಾಮಿಗಿಂತ ಹೆಚ್ಚಿರಬಾರದು ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಎಂಟು ವರ್ಷದೊಳಗೆ, ದವಡೆಯೊಳಗೆ ಎನಾಮಲ್ ತಯಾರಾಗುತ್ತಿರುವಾಗ ಅಂಥ ನೀರು ಕುಡಿದರೆ ಈ ಪಟ್ಟೆ ಬೀಳುತ್ತದೆ. ಅದಕ್ಕೇ ಎಡ ಬಲ ಎರಡೂ ಕಡೆ ಒಂದೇ ಥರ. ನೀರು ಕಾಯಿಸಿದರೆ ಫ್ಲೋರೈಡ್ ಹೋಗುವುದಿಲ್ಲ, ನೀರು ಆವಿಯಾದಷ್ಟೂ ಉಳಿದದ್ದರಲ್ಲಿ ಹೆಚ್ಚಾಗುತ್ತದೆ. ಇದು ಅವಳ ಮಗನಿಗೆ ಬರುವ ಕಾಯಿಲೆಯಲ್ಲ, ಅವಳ ಸೋಮಾರಿತನವೂ ಅಲ್ಲ. ಬಣ್ಣಕ್ಕೆ ಚಿಕಿತ್ಸೆ ಇದೆ, ಬೇಕಿದ್ದರೆ ಮಾಡಿಸಲಿ. ಹುಡುಗಿ ಏನೂ ಹೇಳಲಿಲ್ಲ, ಲೋಟ ತೆಗೆದುಕೊಳ್ಳುವ ನೆಪದಲ್ಲಿ ಸ್ವಲ್ಪ ಹೊತ್ತು ನಿಂತಳು.

ಕಾಫಿ ಮುಗಿಸಿ ಅಕ್ಕ ಕವಳದ ತಟ್ಟೆ ಎಳೆದುಕೊಂಡರು. ಅಡಿಕೆ ಬೆಳೆಯುವ ಮನೆ, ಅಡಿಕೆಯ ಊರು. ಇಲ್ಲಿ ಈ ಮಾತು ಆಡುವುದು ಕಷ್ಟ, ಆದರೂ ಆಡಿದೆ. ತಂಬಾಕು ಇಲ್ಲದಿದ್ದರೂ ಅಡಿಕೆ ತಾನೇ ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿನಲ್ಲಿದೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಹಾಗೆ ಸೇರಿಸಿದೆ. ಅದಕ್ಕಿಂತ ಮೊದಲು ಇನ್ನೊಂದು ಬರುತ್ತದೆ. ಕೆನ್ನೆಯ ಒಳಗಿನ ಮೆತ್ತಗಿನ ಪೊರೆಯಡಿ ನಾರು ಕಟ್ಟಿಕೊಳ್ಳುತ್ತಾ ಹೋಗುತ್ತದೆ. ಪೊರೆ ಬಿಳಿಚಿಕೊಳ್ಳುತ್ತದೆ, ಬೆರಳಲ್ಲಿ ಮುಟ್ಟಿದರೆ ಹಗ್ಗದಂಥ ಗಟ್ಟಿ ಪಟ್ಟಿ ಸಿಗುತ್ತದೆ, ಬಾಯಿ ತೆರೆಯುವುದು ಕಡಿಮೆಯಾಗುತ್ತದೆ. ಗುಟ್ಕಾ ನಮ್ಮ ರಾಜ್ಯದಲ್ಲಿ 2013ರಲ್ಲೇ ನಿಷೇಧವಾಯಿತು; ಆದರೆ ಪಾನ್ ಮಸಾಲಾ ಒಂದು ಪೊಟ್ಟಣ, ತಂಬಾಕು ಇನ್ನೊಂದು ಪೊಟ್ಟಣ ಕೊಂಡು ಅಂಗೈಯಲ್ಲಿ ಬೆರೆಸುವ ಹುಡುಗರನ್ನು ಯಾವ ಬಸ್‌ಸ್ಟ್ಯಾಂಡಿನಲ್ಲಾದರೂ ನೋಡಬಹುದು.

"ನಿಮ್ಮದೇ ಮೂರು ಬೆರಳು ಜೋಡಿಸಿ, ಉದ್ದಕ್ಕೆ ನಿಲ್ಲಿಸಿ ಬಾಯೊಳಗೆ ಇಡಿ" ಅಂದೆ. ತೋರುಬೆರಳು, ನಡುಬೆರಳು, ಉಂಗುರ ಬೆರಳು ಒಂದರ ಕೆಳಗೊಂದು. ಅಕ್ಕನಿಗೆ ಮೂರೂ ಹಿಡಿಯಿತು. ಕೆನ್ನೆಯನ್ನು ಹೊರಕ್ಕೆ ಎಳೆದು, ಕವಳ ಒತ್ತರಿಸಿಡುವ ಕೆನ್ನೆ ವಸಡಿನ ನಡುವಿನ ಸಂದಿ ನೋಡಿದೆ. ಬಿಳಿ ಮಚ್ಚೆ ಇಲ್ಲ, ಕೆಂಪು ಮಚ್ಚೆ ಇಲ್ಲ. ನಾಲಿಗೆಯ ಎರಡೂ ಅಂಚು, ನಾಲಿಗೆಯ ಅಡಿ ನೋಡಿದೆ. ತಿಂಗಳಿಗೊಮ್ಮೆ ನೀವೇ ಕನ್ನಡಿಯಲ್ಲಿ ಹೀಗೆ ನೋಡಿಕೊಳ್ಳಿ, ಎರಡು ವಾರಕ್ಕೂ ಮಾಯದ ಹುಣ್ಣು ಯಾವುದೇ ಇರಲಿ, ನೋವು ಇಲ್ಲದಿದ್ದರಂತೂ ಇನ್ನೂ ಬೇಗ, ಬಂದು ತೋರಿಸಿ ಅಂದೆ.

"ಹಾಗೆ ನಾರು ಕಟ್ಟೋದು ಮೊದಲು ಹೇಗೆ ಗೊತ್ತಾಗ್ತದೆ?"

"ಬಾಯಿ ಮುಚ್ಚಿಕೊಳ್ಳೋಕೆ ಮೊದಲೇ ಖಾರ ತಡೆಯೋಕಾಗಲ್ಲ. ಎಲ್ಲರೂ ಉಣ್ಣೋ ಸಾರೇ ಉರಿ ಉರಿ ಅನ್ನಿಸ್ತದೆ."

ಅಕ್ಕ ಅಡಕತ್ತರಿ ತಟ್ಟೆಯಲ್ಲಿಟ್ಟರು. ಮಗಳ ಮಗ ಶಿವಮೊಗ್ಗದಲ್ಲಿ ಹಾಸ್ಟೆಲಿನಲ್ಲಿದ್ದು ಓದುತ್ತಿದ್ದಾನೆ, ಹತ್ತೊಂಬತ್ತು ವರ್ಷ. "ಎರಡು ಸಲ ಬಂದಾಗ್ಲೂ ಸಾರು ಖಾರ ಅಂತ ಮಜ್ಜಿಗೆ ಅನ್ನ ಉಂಡ. ಮೆಣಸು ಹೆಚ್ಚಾಯ್ತೇನೋ ಅಂತ ನಾನು ಕಡಿಮೆ ಹಾಕಿದೆ. ಆದ್ರೂ ಹಾಗೇ ಅಂದ" ಅಂದರು.

"ಯಾವಾಗ ಬರ್ತಾನೆ?"

"ಶನಿವಾರ."

"ಬಸ್ಸಿಳಿದ ತಕ್ಷಣ ನಮ್ಮನೆಗೆ ಕಳಿಸಿ. ನೀವು ಬರೋದು ಬೇಡ, ಅವನೊಬ್ಬನೇ ಬರಲಿ. ಅದಕ್ಕೆ ಮೊದಲು ಏನೂ ಕೇಳಬೇಡಿ, ಬೈಯಬೇಡಿ. ಬೈಸಿಕೊಂಡ ಹುಡುಗ ಬಾಯಿ ತೋರಿಸಲ್ಲ. ಗಟ್ಟಿಯಾದ ನಾರು ಪೂರ್ತಿ ಮೆತ್ತಗಾಗೋದು ಕಷ್ಟ ಅಕ್ಕ, ಆದ್ರೆ ಈಗಲೇ ಬಿಟ್ಟರೆ ಮುಂದಕ್ಕೆ ಹೋಗದ ಹಾಗೆ ತಡೀಬಹುದು, ಬಾಯಿ ತೆರೆಯೋಕೆ ವ್ಯಾಯಾಮ ಹೇಳಿಕೊಡ್ತೇನೆ, ಬೇಕಿದ್ರೆ ದಂತ ಕಾಲೇಜಿಗೆ ನಾನೇ ಕರ್ಕೊಂಡು ಹೋಗ್ತೇನೆ."